ಕಣದಲ್ಲಿ ಹಕ್ಕಿ ಬರೆದ ಮಿಸ್ಸು

ಹೋದ ಭಾನುವಾರ ಬೆಳಿಗ್ಗೆ ಪೇಪರ್ ಎತ್ತಿಕೊಳ್ಳೋಣವೆಂದು ಬಾಗಿಲು ತೆರೆದರೆ ಮೆಟ್ಟಿಲ ಮೇಲೆ ಒಬ್ಬ ಅಜ್ಜಿ ಕೂತಿದ್ದರು.

ಬೆಲ್ ಒತ್ತಿಲ್ಲ, ಕೂಗಿಲ್ಲ. ಯಾವಾಗಿನಿಂದ ಕೂತಿದ್ದರೋ. ತಲೆ ತುಂಬ ಸೆರಗು, ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ವೈರಿನ ಬುಟ್ಟಿ. ತಿರುಗಿ ನೋಡಿದ ಮೇಲೇ ನನಗೆ ಗುರುತು ಹತ್ತಿದ್ದು. ಕೆಂಪಮ್ಮ. ಗುಬ್ಬಿ ತಾಲ್ಲೂಕಿನ ಸಿ.ಎಸ್. ಪುರದ ಕಡೆಯ ಒಂದು ಹಳ್ಳಿಯವರು. (ಹಳ್ಳಿಯ ಹೆಸರು ಬರೆಯುವುದಿಲ್ಲ. ಯಾಕೆಂದು ಓದುತ್ತಾ ಹೋದರೆ ನಿಮಗೇ ತಿಳಿಯುತ್ತದೆ.) ಫಸ್ಟ್ ಬಸ್ಸಿಗೆ ಗುಬ್ಬಿಗೆ ಬಂದು, ಅಲ್ಲಿಂದ ತುಮಕೂರಿನ ಬಸ್ ಹಿಡಿದು, ಉಪ್ಪಾರಹಳ್ಳಿಯ ನಮ್ಮ ಮನೆ ತನಕ ಕೇಳಿಕೊಂಡು ನಡೆದೇ ಬಂದಿದ್ದರು.

ಒಳಗೆ ಬನ್ನಿ ಎಂದೆ. ಬರಲಿಲ್ಲ. ಕಾಫಿ ಕುಡಿಯಿರಿ ಎಂದೆ. ತಲೆ ಆಡಿಸಿದರು.

“ಮಿಸ್ಸಿನ ಮನೆಗೆ ಹೋಗ್ಬೇಕು ಕಣವ್ವ. ಮನೆ ಗೊತ್ತು. ಒಬ್ಳೇ ಹೋಗಕ್ಕೆ ಕಾಲು ಬರ್ತಿಲ್ಲ. ನೀನು ಜೊತೇಲಿ ಬಾ.”

ಮಿಸ್ಸು ಅಂದರೆ ಮೆಹರುನ್ನೀಸಾ. ನಮ್ಮ ಹಿಂದಿನ ರಸ್ತೆಯವಳು, ನನ್ನ ಗೆಳತಿ, ಕೆಂಪಮ್ಮನ ಊರಿನ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಈ ಜನವರಿಯಲ್ಲಿ ತೀರಿಕೊಂಡಳು. ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಆ ವಾರವಷ್ಟೇ ಮುಗಿದಿತ್ತು. ಅದು ಕಳೆಯುವ ತನಕ ಹೋಗಬಾರದೆಂದು ಯಾರೋ ಹೇಳಿದ್ದರಂತೆ, ಅದಕ್ಕೇ ಕಾದಿದ್ದರಂತೆ.

ಮಾತಾಡಿಸಲು ಬಂದಿದ್ದಾರೆ ಎಂದುಕೊಂಡೆ. ಸಾವಿನ ಮನೆಗೆ ಜನ ಇನ್ನು ಯಾತಕ್ಕೆ ಹೋಗುತ್ತಾರೆ?

ನಿಮಗೆ ಮೆಹರ್ ಯಾರೆಂದು ಹೇಳಿಬಿಡುತ್ತೇನೆ, ಆಮೇಲೆ ಆ ಮನೆಗೆ ಹೋಗೋಣ.

ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವಳಿಗೆ ಆ ಊರಿನ ಹೈಸ್ಕೂಲಿಗೆ ಪೋಸ್ಟಿಂಗ್ ಆಯಿತು. ಗಂಡ ಇಬ್ರಾಹಿಂ ಸತ್ಯಮಂಗಲದಲ್ಲಿ ಸಣ್ಣದೊಂದು ಲೇತ್ ವರ್ಕ್‌ಶಾಪ್ ನಡೆಸುತ್ತಿದ್ದರು. ಮಗಳು ನಾಜಿಯಾ ಆಗ ಅಂಬೆಗಾಲಿಡುವ ಮಗು. ತುಮಕೂರು ಬಿಟ್ಟು ಹೋಗುವಂತಿರಲಿಲ್ಲ. ದಿನಾ ಎರಡು ಬಸ್ ಬದಲಾಯಿಸಿ ಹೋಗಿ ಬರುತ್ತಿದ್ದಳು. ಗುಬ್ಬಿ ತನಕ ಎಷ್ಟೋ ಸಲ ನಾವಿಬ್ಬರೂ ಒಂದೇ ಬಸ್ಸು. (ನಾನು ಆಗ ಗುಬ್ಬಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ.) ಊರಿನವರಿಗೆ ಮೆಹರುನ್ನೀಸಾ ಎನ್ನುವುದು ಬಾಯಿಗೆ ದಕ್ಕಲಿಲ್ಲ. ಮೆಹರ್ ಮಿಸ್ ಎಂದು ಶುರುವಾಗಿದ್ದು ಮೇರಿ ಮಿಸ್ಸಿಗೆ ಬಂದು ನಿಂತಿತು. ಅವಳೂ ತಿದ್ದಲು ಹೋಗಲಿಲ್ಲ. ಹೊಸದಾಗಿ ಬಂದ ಹೆಡ್‌ಮಾಸ್ಟರೊಬ್ಬರು ಡಿಸೆಂಬರಿನಲ್ಲಿ ಅವಳಿಗೆ ಕ್ರಿಸ್‌ಮಸ್ ಶುಭಾಶಯ ಹೇಳಿದ್ದನ್ನು ಬಸ್ಸಿನಲ್ಲಿ ಹೇಳಿಕೊಂಡು ನಕ್ಕಿದ್ದು ನೆನಪಿದೆ.

ಮೊದಲ ವರ್ಷ ಮಕ್ಕಳಿಗೆ ನಿಮ್ಮ ಹೊಲ ಬರೆಯಿರಿ ಎಂದಳಂತೆ. ಎಲ್ಲರೂ ಎರಡು ಬೆಟ್ಟ, ನಡುವೆ ಸೂರ್ಯ, ಕೆಳಗೊಂದು ನದಿ ಬರೆದರು. ಬಯಲುಸೀಮೆಯ ಆ ಊರಲ್ಲಿ ಬೆಟ್ಟವೂ ಇಲ್ಲ, ನದಿಯೂ ಇಲ್ಲ. ನಿಮ್ಮ ಹೊಲಕ್ಕೆ ಯಾವ ಹಕ್ಕಿ ಬರುತ್ತದೆ ಎಂದು ಕೇಳಿದರೆ ಪಠ್ಯಪುಸ್ತಕದ ನವಿಲು ಬರೆದರು. ಮೆಹರ್‌ಗೆ ಅಳು ಬಂತಂತೆ. ಒಬ್ಬ ಹುಡುಗಿ ಮಾತ್ರ ಗೌಜಲಹಕ್ಕಿ ಬರೆದಿದ್ದಳು, ಕತ್ತಿನ ಕೆಳಗಿನ ಕಪ್ಪು ಗೆರೆ ಸಮೇತ. ಯಾರು ಹೇಳಿಕೊಟ್ಟರು ಎಂದರೆ, “ನಮ್ಮಜ್ಜಿ ಕಣದಾಗೆ ಬರೀತದೆ ಮಿಸ್” ಎಂದಳು.

ಆ ಅಜ್ಜಿಯೇ ಕೆಂಪಮ್ಮ.

ಕಣ ಅಂದರೆ ನಮ್ಮ ಸಿಟಿ ಮಕ್ಕಳಿಗೆ ಗೊತ್ತಿರಲಿಕ್ಕಿಲ್ಲ. ಸುಗ್ಗಿಯಲ್ಲಿ ರಾಗಿ ಒಕ್ಕುವ ಅಂಗಳ. ಆ ಊರಲ್ಲಿ ಮನೆಗೊಂದು ಕಣವಿರಲಿಲ್ಲ, ಊರಿಗೆಲ್ಲ ಸೇರಿ ಒಂದೇ ಕಣ. ಹೊಂಗೆಮರಗಳ ನಡುವೆ, ಗಾಳಿ ಚೆನ್ನಾಗಿ ಆಡುವ ದಿಬ್ಬದ ಮೇಲೆ. ಸುಗ್ಗಿಗೆ ಮುಂಚೆ ಎಲ್ಲ ಮನೆಯವರೂ ಬಂದು ನೆಲ ನೆನೆಸಿ, ತುಳಿದು, ಸಗಣಿ ಸಾರಿಸಿ ಕನ್ನಡಿ ಮಾಡುತ್ತಿದ್ದರು. ಒಬ್ಬರಾದ ಮೇಲೆ ಒಬ್ಬರು ಸರದಿಯಲ್ಲಿ ರಾಗಿ ತಂದು ಹರಡಿ, ಎತ್ತು ಕಟ್ಟಿ ಕಲ್ಲಿನ ಗುಂಡು ಉರುಳಿಸುತ್ತಿದ್ದರು. ಅದಕ್ಕೆ ಮುಂಚೆ ಹೆಂಗಸರು ಕಣದ ಅಂಚಿಗೆ ಬೂದಿಯಲ್ಲಿ ಚಿತ್ರ ಬರೆಯುವುದು ಅಲ್ಲಿನ ರೂಢಿ. ತೆನೆ, ನೇಗಿಲು, ಕಾವಲಿಗೆ ಒಂದು ಹಾವು. ಅಷ್ಟೇ.

ಮೆಹರ್ ಅದನ್ನು ನೋಡಲು ಹೋದವಳು ಅಲ್ಲೇ ಕೂತುಬಿಟ್ಟಳು. ನಾನೂ ಬರೆಯಲಾ ಎಂದು ಕೇಳಿದಳು. ಕೆಂಪಮ್ಮ ಬೂದಿಯ ಮಂಕರಿ ತಳ್ಳಿದರು. ಏನು ಬರೆಯಲಿ ಎಂದಿದ್ದಕ್ಕೆ ಕೆಂಪಮ್ಮ ಹೇಳಿದ ಮಾತನ್ನು ಮೆಹರ್ ನನಗೆ ಎಷ್ಟು ಸಲ ಹೇಳಿದ್ದಳೋ ಲೆಕ್ಕವಿಲ್ಲ.

“ಹೊಲದಾಗೆ ತಿಂದೋರ್ನೆಲ್ಲ ಬರೀಬೇಕು ಮಿಸ್ಸು. ಕದ್ದು ತಿಂದೋರ್ನೂವೆ.”

ಅಲ್ಲಿಂದ ಅದು ಪ್ರತಿ ವರ್ಷದ ಕೆಲಸವಾಯಿತು. ಸುಗ್ಗಿ ಬಂತೆಂದರೆ ಮೆಹರ್ ಮಕ್ಕಳನ್ನು ಮನೆ ಮನೆಗೆ ಕಳಿಸುತ್ತಿದ್ದಳು. ಈ ವರ್ಷ ನಿಮ್ಮ ಹೊಲದಲ್ಲಿ ಯಾರು ಯಾರು ತಿಂದರು? ಒಂದು ಮನೆಯವರು ಗೀಜಗ ಎನ್ನುವರು, ಇನ್ನೊಬ್ಬರು ಲಾವುಗೆ, ಮತ್ತೊಬ್ಬರು ಮೊಲ, ಇಲಿ, ಇಲಿ ತಿನ್ನಲು ಬಂದ ಕೇರೆಹಾವು, ಹಾವು ತಿನ್ನಲು ಬಂದ ಮುಂಗುಸಿ. ಯಾವ ಮನೆಯವರು ನೋಡಿದರೋ ಆ ಮನೆಯ ಹೆಣ್ಣುಮಕ್ಕಳೇ ಬರೆಯಬೇಕು, ಮೆಹರ್ ಗೆರೆ ತಿದ್ದಿಕೊಡುವುದು. ಬೂದಿ, ಕೆಮ್ಮಣ್ಣು, ಇದ್ದಿಲ ಪುಡಿ, ಮೂರೇ ಬಣ್ಣ. ಸುಣ್ಣ ಹಾಕಿದರೆ ಚೆನ್ನಾಗಿ ಕಾಣುತ್ತದೆ ಎಂದು ಇವಳು ಒಂದು ವರ್ಷ ತಂದಿದ್ದಕ್ಕೆ, ತಿನ್ನುವ ಕಾಳಿಗೆ ಸುಣ್ಣ ಬೆರೆಸುತ್ತೀಯಾ ಎಂದು ಕೆಂಪಮ್ಮ ಬೈದು ವಾಪಸ್ ಕಳಿಸಿದರು. ಇಬ್ರಾಹಿಂ ಭಾಯ್ ವರ್ಕ್‌ಶಾಪಿನಲ್ಲಿ ಹೆಂಡತಿಗೊಂದು ತಗಡಿನ ಡಬ್ಬ ಮಾಡಿಕೊಟ್ಟರು. ತಳಕ್ಕೆ ಸಾಲಾಗಿ ತೂತು. ಅಲ್ಲಾಡಿಸುತ್ತಾ ಹೋದರೆ ಬೂದಿ ಹದವಾಗಿ ಗೆರೆಯಾಗಿ ಬೀಳುತ್ತಿತ್ತು.

ರಾಶಿ ಆದ ಮೇಲೆ ಪೂಜೆ. ಪೂಜೆಯ ಹೊತ್ತಿಗೆ ಮೆಹರ್ ಹೊಂಗೆಮರದ ಕೆಳಗೆ ಹೋಗಿ ನಿಲ್ಲುವಳು. “ದೇವರ ಡಿಪಾರ್ಟ್‌ಮೆಂಟ್ ನಿಮ್ಮದು, ನಂದು ಹಕ್ಕಿ ಡಿಪಾರ್ಟ್‌ಮೆಂಟ್” ಎನ್ನುವಳಂತೆ. ಪೂಜೆ ಮುಗಿದ ಮೇಲೆ ಪ್ರತಿ ಚಿತ್ರದ ಮೇಲೂ ಒಂದೊಂದು ಹಿಡಿ ಹೊಸ ರಾಗಿ. ಎಲ್ಲರೂ ದೂರ ಸರಿದು ಕೂತು ಮುದ್ದೆ, ಅವರೆಕಾಳು ಸಾರು ಉಣ್ಣುವಾಗ ಗುಬ್ಬಿಗಳು ಬಂದು ತಮ್ಮ ಚಿತ್ರವನ್ನೂ ತಿನ್ನುತ್ತಿದ್ದವು, ಗೀಜಗದ ಚಿತ್ರವನ್ನೂ ತಿನ್ನುತ್ತಿದ್ದವು. ನಾನೇ ಒಂದು ಸಲ ಹೋಗಿ ಕಣ್ಣಾರೆ ನೋಡಿದ್ದೇನೆ. ಹಾವಿನ ಚಿತ್ರದ ಮೇಲೆ ಕೂತು ಒಂದು ಗೊರವಂಕ ಕಾಳು ಹೆಕ್ಕುತ್ತಿತ್ತು!

ಮನೆಯಲ್ಲಿ ಮೆಹರ್‌ಳ ಅತ್ತೆಗೆ ಇದು ಹಿಡಿಸಿರಲಿಲ್ಲ. ಜೀವ ಇರುವುದನ್ನೆಲ್ಲ ಬರೆಯುವುದು ತಪ್ಪಲ್ಲವಾ ಎಂದು ಆ ಹಿರಿಯರಿಗೆ ಆತಂಕ. ಬೆಳಿಗ್ಗೆ ಬರೆದದ್ದು ಸಾಯಂಕಾಲಕ್ಕೆ ಉಳಿಯುವುದೇ ಇಲ್ಲ ಅಮ್ಮಿ, ಹಕ್ಕಿಗಳೇ ಅಳಿಸಿಬಿಡುತ್ತವೆ ಎಂದಳು ಸೊಸೆ. ಅತ್ತೆ ಸ್ವಲ್ಪ ಯೋಚಿಸಿ, ಹಾಗಾದರೆ ಪರವಾಗಿಲ್ಲವೇನೋ ಎಂದರಂತೆ.

ಇದನ್ನೆಲ್ಲ ನಾನು ಪ್ರೋಗ್ರಾಂ ಎಂದು ಕರೆಯುವುದಿಲ್ಲ. ಬ್ಯಾನರ್ ಇರಲಿಲ್ಲ, ಮುಖ್ಯ ಅತಿಥಿ ಇರಲಿಲ್ಲ, ಫೋಟೋಗ್ರಾಫರ್ ಬರಲಿಲ್ಲ. ಅದು ಕಲೆಯಾ, ಬೇಸಾಯವಾ, ಪರಿಸರ ಕಾಳಜಿಯಾ ಎಂದು ಅಲ್ಲಿ ಯಾರಾದರೂ ಕೇಳಿದ್ದರೆ ಕೆಂಪಮ್ಮ ಕೈಗೆ ಪೊರಕೆ ಕೊಟ್ಟು ಕಣ ಗುಡಿಸಲು ಹಚ್ಚುತ್ತಿದ್ದರು.

ಒಂದು ವರ್ಷ ಗೌಜಲಹಕ್ಕಿ ನೋಡಿದೆ ಎಂದು ಒಂದು ಮನೆಯವರೂ ಹೇಳಲಿಲ್ಲ.

ಊರ ಸುತ್ತ ನೀಲಗಿರಿ ತೋಪು ಎದ್ದಿತ್ತು. ಬೇಲಿ ಕಡಿದು ಕಲ್ಲುಕಂಬ ನೆಟ್ಟಿದ್ದರು. ರಾಗಿ ಹೊಲ ಕೆಲವು ಬೋರ್‌ವೆಲ್ ಕಂಡು ತೆಂಗು ಅಡಿಕೆ ಆಗಿದ್ದವು. ಗೌಜಲು ಎಲ್ಲಿ ಮೊಟ್ಟೆ ಇಡಬೇಕು? ನೋಡದಿದ್ದರೇನಂತೆ, ಬರೆದುಬಿಡೋಣ ಎಂದರು ಕೆಲವರು. ಕೆಂಪಮ್ಮ ಒಪ್ಪಲಿಲ್ಲ. ಬಂದವರನ್ನು ಬರೆಯುವುದು ಕಣ, ಬರದವರನ್ನು ಬರೆದರೆ ಸುಳ್ಳಾಗುತ್ತದೆ. ಆದರೆ ಅವರ ಜಾಗ ಬೇರೆಯವರಿಗೆ ಕೊಡಬೇಡಿ, ಖಾಲಿ ಬಿಡಿ ಎಂದರು. ಅಲ್ಲಿಂದ ಕಣದ ಅಂಚಿನಲ್ಲಿ ಗೌಜಲಿನ ಜಾಗ ಖಾಲಿ. ಆಮೇಲೆ ಲಾವುಗೆಯದು. ಒಂದು ವರ್ಷ ಬಸ್ಸಿನಲ್ಲಿ ಮೆಹರ್ ಕಿಟಕಿ ಕಡೆ ಮುಖ ಮಾಡಿಕೊಂಡು, ಈ ಸಲ ಬೂದಿ ಅರ್ಧ ಮಂಕರಿ ಮಿಕ್ಕಿತು ಅಕ್ಕ ಎಂದಳು.

ಆಮೇಲೆ ಕಣವೇ ಹೋಯಿತು.

ಎರಡು ಸಾವಿರ ಇಸವಿಯ ಆಚೆ ಅದು. ಆ ದಿಬ್ಬ ಸರ್ಕಾರಿ ಜಾಗ. ಊರಿಗೆ ಸಮುದಾಯ ಭವನ ಮಂಜೂರಾಯಿತು. ಅರಳಿಕಟ್ಟೆಯಲ್ಲಿ ಊರವರೆಲ್ಲ ಸೇರಿದರು. ಯಾರೂ ಮೋಸ ಮಾಡಲಿಲ್ಲ, ಯಾರೂ ಕಿತ್ತುಕೊಳ್ಳಲಿಲ್ಲ. ಮದುವೆ ಮಾಡಲು ಗುಬ್ಬಿಯ ಛತ್ರಕ್ಕೆ ಓಡುವುದು ತಪ್ಪುತ್ತದೆ ಎಂದು ಎಲ್ಲರೂ ಖುಷಿಯಿಂದಲೇ ಕೈ ಎತ್ತಿದರು. ಕೆಂಪಮ್ಮ ಕೂಡ. ಮೊಮ್ಮಗಳ ಮದುವೆ ಮುಂದಿತ್ತು. ಸ್ಕೂಲು ಬಿಟ್ಟು ಬರುವ ದಾರಿಯಲ್ಲಿ ಮೆಹರ್ ಹಿಂದೆ ನಿಂತಿದ್ದಳು. ರಾಗಿ ಎಲ್ಲಿ ಒಕ್ಕುತ್ತೀರಿ ಎಂದು ಕೇಳಿದಳಂತೆ. ಹೊಸದಾಗಿ ಟಾರು ರಸ್ತೆ ಆಗುತ್ತಿದೆಯಲ್ಲ ಮಿಸ್, ಬಸ್ಸು ಲಾರಿಯವರೇ ಒಕ್ಕಿಕೊಡುತ್ತಾರೆ ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ಮೆಹರೂ ನಕ್ಕಳು.

ನಮ್ಮ ಕಡೆಯ ಕಥೆ ಬೇರೆಯೇನಲ್ಲ. ಕುಣಿಗಲ್ ಹತ್ತಿರದ ನನ್ನ ತವರಿನಲ್ಲಿ ಕಣ ಸೈಟುಗಳಾಗಿದೆ. ಒಂದು ಸೈಟು ನಮ್ಮಣ್ಣನದೇ.

ಸುಗ್ಗಿ ಕಾಲದಲ್ಲಿ ನಮ್ಮ ಜಿಲ್ಲೆಯ ಯಾವುದೇ ರಸ್ತೆಯಲ್ಲಿ ಹೋಗಿ ನೋಡಿ. ಅರ್ಧ ರಸ್ತೆ ರಾಗಿ, ಹುರುಳಿ, ತೊಗರಿ. ಬಸ್ಸು ಅದರ ಮೇಲೆ ಹಾಯುವಾಗ ಚರಚರ ಸದ್ದು. ಕಾರಿನ ಕೆಳಗೆ ಹುಲ್ಲು ಸುತ್ತಿಕೊಂಡರೆ ಬಯ್ಯುತ್ತೇವೆ, ಮುಂದೆ ಹೋಗುತ್ತೇವೆ. ಕಾಳು ಬೇರೆಯಾಗುತ್ತದೆ. ಎತ್ತು ಬೇಡ, ಗುಂಡು ಬೇಡ, ಸರದಿ ಬೇಡ, ಒಬ್ಬರನ್ನೊಬ್ಬರು ಕರೆಯುವುದೂ ಬೇಡ. ಅವರವರ ರಾಗಿ ಅವರವರ ಮನೆ ಮುಂದಿನ ರಸ್ತೆಗೆ.

ಕಣ ಹೋದ ವರ್ಷ ಮೆಹರ್ ಸ್ಕೂಲಿನ ಮೈದಾನದಲ್ಲಿ ಬರೆಸಿದಳು. ರಾಶಿ ಇಲ್ಲದ ಕಡೆ ಹಕ್ಕಿ ಬರೆದರೆ ಯಾರಿಗೆ ಬೇಕು? ಮಕ್ಕಳು ಬಂದರು, ದೊಡ್ಡವರು ಬರಲಿಲ್ಲ. ಮರುವರ್ಷ ರಸ್ತೆಯಲ್ಲೇ, ಕೆಂಪಮ್ಮನ ಮನೆ ಮುಂದೆ, ರಾಗಿ ಹರಡಿದ್ದರ ಪಕ್ಕ ಟಾರಿನ ಮೇಲೆ ಒಂದು ಗೀಜಗ ಬರೆದಳು. ಹತ್ತೂವರೆಯ ಬಸ್ಸು ಬಂತು. ಗೀಜಗ ಟೈರಿಗೆ ಅಂಟಿಕೊಂಡು ಸಿ.ಎಸ್. ಪುರದ ತನಕ ಹೋಗಿರಬೇಕು ಅಕ್ಕ ಎಂದು ಹೇಳಿ ಜೋರಾಗಿ ನಕ್ಕಳು. ಆಮೇಲೆ ಬರೆಯಲಿಲ್ಲ.

ಈ ಹೊತ್ತಿಗೆ ಅವಳ ಬಳಿ ಒಂದು ಸ್ಕೂಟಿ ಇತ್ತು. ಗುಬ್ಬಿಯಲ್ಲಿ ತಂಗಿಯ ಮನೆಯಲ್ಲಿ ನಿಲ್ಲಿಸಿರುತ್ತಿದ್ದಳು. ತುಮಕೂರಿನಿಂದ ಗುಬ್ಬಿಗೆ ಬಸ್, ಅಲ್ಲಿಂದ ಸ್ಕೂಟಿ. ಜನವರಿಯ ಆ ಬೆಳಿಗ್ಗೆ ದಟ್ಟ ಮಂಜು. ಊರು ಇನ್ನೇನು ಬಂತು ಅನ್ನುವಾಗ ರಸ್ತೆಯ ಮೇಲೆ ರಾಗಿ. ರಾತ್ರಿಯೆಲ್ಲ ಇಬ್ಬನಿ ಕುಡಿದ ಹುಲ್ಲು ಎಣ್ಣೆಯ ಹಾಗೆ ಜಾರುತ್ತದೆ. ಎದುರಿಗೆ ಬಂದ ಟೆಂಪೋಗೆ ದಾರಿ ಬಿಡಲು ಪಕ್ಕಕ್ಕೆ ಎಳೆದುಕೊಂಡಿದ್ದಾಳೆ. ಅಷ್ಟೇ. ತಲೆಗೆ ಹೆಲ್ಮೆಟ್ ಇರಲಿಲ್ಲ. (ನಮ್ಮಲ್ಲಿ ಎಷ್ಟು ಜನ ಹಾಕುತ್ತೇವೆ?) ಅದೇ ಟೆಂಪೋದಲ್ಲಿ ಮಲಗಿಸಿಕೊಂಡು ಗುಬ್ಬಿಯ ಆಸ್ಪತ್ರೆಗೆ ಹೊರಟರು. ದಾರಿಯಲ್ಲೇ ಹೋದಳು.

ಪೊಲೀಸರು ಬರುವಷ್ಟರಲ್ಲಿ ರಸ್ತೆ ಕ್ಲೀನ್ ಆಗಿತ್ತು. ರಾಗಿಗೆ ಜಾರಿತೆಂದು ಟೆಂಪೋದವನು ಹೇಳಿದ್ದ, ಯಾರ ರಾಗಿ ಎಂದು ಕೇಳಿದರು. ಯಾರದೋ ಗೊತ್ತಿಲ್ಲ ಎಂದಿತು ಊರು. ಪ್ರತಿ ಮನೆಯವರೂ ಅದನ್ನೇ ಹೇಳಿದರು. ಹದಿನೈದೋ ಹದಿನಾರೋ ವರ್ಷ ಅವಳ ಕೈಯಲ್ಲಿ ಚಿತ್ರ ಕಲಿತ ಊರು!

ನಾಜಿಯಾಗೆ ಈಗ ಹದಿನೇಳು, ಪಿಯುಸಿ ಓದುತ್ತಿದ್ದಾಳೆ. ಅವಳಿಗೆ ಅಮ್ಮ ಸತ್ತಿದ್ದಕ್ಕಿಂತ ಆ ‘ಗೊತ್ತಿಲ್ಲ’ವೇ ಹೆಚ್ಚು ಚುಚ್ಚಿತ್ತು. ಊರವರು ಕೆಲವರು ಮಾತಾಡಿಸಲು ಬಂದಾಗ ಬಾಗಿಲು ಹಾಕಿಕೊಂಡು ರೂಮಿನಲ್ಲಿ ಕೂತಿದ್ದಳು.

ಕೆಂಪಮ್ಮನ ಜೊತೆ ನಾನು ಅಂದು ಹೊರಟದ್ದು ಆ ಮನೆಗೆ.

ಇಬ್ರಾಹಿಂ ಭಾಯ್ ಬಾಗಿಲು ತೆಗೆದರು. ಗಡ್ಡ ಬೆಳೆದಿತ್ತು. ವರ್ಕ್‌ಶಾಪಿಗೆ ಇನ್ನೂ ಹೋಗುತ್ತಿಲ್ಲ, ಹುಡುಗರೇ ನೋಡಿಕೊಳ್ಳುತ್ತಿದ್ದಾರೆ ಎಂದರು. ಕೆಂಪಮ್ಮನನ್ನು ಕುರ್ಚಿಯಲ್ಲಿ ಕೂರಿಸಲು ನೋಡಿದರು. ಅವರು ಬಾಗಿಲ ಪಕ್ಕ ಗೋಡೆಗೆ ಒರಗಿ ನೆಲದ ಮೇಲೇ ಕೂತರು. ನಾಜಿಯಾ ಒಳಗಿನ ಬಾಗಿಲಲ್ಲಿ ಬಂದು ನಿಂತಳು. ನಾನು ಪರಿಚಯ ಮಾಡಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಕೆಂಪಮ್ಮನೇ ಮಾತು ಶುರು ಮಾಡಿದರು.

“ಸಾಬ್ರೇ, ಅವತ್ತು ರಸ್ತೇಲಿ ಇದ್ದಿದ್ದು ನನ್ ರಾಗಿ.”

ನಾಜಿಯಾ ಎರಡು ಹೆಜ್ಜೆ ಮುಂದೆ ಬಂದಳು, ಕೆಂಪಮ್ಮ ಮಾತು ನಿಲ್ಲಿಸಲಿಲ್ಲ.

“ಸಂಜೇನೇ ಎತ್ತಾಕ್ಬೇಕಾಗಿತ್ತು. ಬೆಳಿಗ್ಗೆ ಇನ್ನೊಂದು ಬಸ್ಸು ಹಾಯ್ಲಿ ಅಂತ ಬುಟ್ಟೆ. ಹರಡಿದ್ದು ನಾನೇ. ನನ್ ಮಗ ಅಲ್ಲ. ಊರೋರು ಗೊತ್ತಿಲ್ಲ ಅಂದವ್ರೆ. ಎಲ್ರಿಗೂ ಗೊತ್ತು.”

ಮಗನಿಗೆ ಹೇಳದೆ ಬಂದಿದ್ದರಂತೆ. ಪೊಲೀಸರ ಮುಂದೆ ಯಾರದೋ ಎಂದು ಮೊದಲು ಹೇಳಿದವನು ಅವನೇ, ಶಿವಣ್ಣ. ಅಮ್ಮನನ್ನು ಉಳಿಸಿಕೊಳ್ಳಲು ಹೇಳಿದ. ಅವನು ಹೇಳಿದ ಮೇಲೆ ಊರು ಅವನ ಬೆನ್ನಿಗೆ ನಿಂತಿತು. ಬಾಯಿ ಬಿಟ್ಟರೆ ಊರಿಗೇ ಕೇಸು ಬರುತ್ತದೆ ಎಂದು ಅವತ್ತಿನಿಂದ ಎಲ್ಲರೂ ಅವರನ್ನು ಸುಮ್ಮನಿರಿಸಿದ್ದರು. ಇದನ್ನೆಲ್ಲ ಕೆಂಪಮ್ಮ ಅತ್ತುಕೊಂಡು ಹೇಳಲಿಲ್ಲ. ಕೂಲಿಗೆ ಹೋಗಿದ್ದನ್ನು ಹೇಳುವ ಹಾಗೆ ಹೇಳಿದರು. ಕೈ ಮಾತ್ರ ಸೆರಗಿನ ಅಂಚನ್ನು ಸುತ್ತುತ್ತಲೇ ಇತ್ತು.

ಇಬ್ರಾಹಿಂ ಭಾಯ್‌ಗೆ ಸಿಟ್ಟು ಬರುತ್ತದೆ ಎಂದು ನಾನು ಕಾದೆ. ಬೈದಿದ್ದರೆ ಎಲ್ಲರಿಗೂ ಹಗುರವಾಗುತ್ತಿತ್ತೇನೋ. ಕೊನೆಗೆ ಅವರು ಕೇಳಿದ್ದು ಒಂದೇ. ಅವಳ ಹತ್ತಿರ ಮೊದಲು ಹೋದವರು ಯಾರು?

ನಾನೇ, ಎಂದರು ಕೆಂಪಮ್ಮ. ಸದ್ದು ಕೇಳಿ ಓಡಿ ಬಂದು ತೊಡೆಯ ಮೇಲೆ ತಲೆ ಇಟ್ಟುಕೊಂಡರಂತೆ. ಮಗ ಓಡಿ ಹೋಗಿ ಆ ಟೆಂಪೋದವನನ್ನು ನಿಲ್ಲಿಸಿ ವಾಪಸ್ ಕರೆತಂದನಂತೆ.

“ಏನಾದ್ರೂ ಹೇಳಿದ್ಲಾ ಅಮ್ಮ?”

“ಏನೂ ಹೇಳ್ಲಿಲ್ಲ ಸಾಬ್ರೇ. ಕಣ್ಣು ಬುಟ್ಟಿದ್ರು. ನನ್ ಗುರುತು ಹಿಡುದ್ರು ಅನ್ಕೊಂಡಿದೀನಿ. ಹಿಡೀನಿಲ್ವೇನೋ.”

ಸುಳ್ಳು ಹೇಳಬಹುದಿತ್ತು. ನಿಮ್ಮ ಹೆಸರು ಹೇಳಿದರು, ಮಗಳ ಹೆಸರು ಹೇಳಿದರು ಎನ್ನಬಹುದಿತ್ತು. ನಾನಾಗಿದ್ದರೆ ಹೇಳಿಬಿಡುತ್ತಿದ್ದೆ.

ಆಗ ನಾಜಿಯಾ ಮಾತಾಡಿದಳು. ಧ್ವನಿ ಏರಲಿಲ್ಲ.

“ಅಮ್ಮಿ ದಿನಾ ನಿಮ್ಮ ಹೆಸರೇ ಹೇಳೋರು ಅಜ್ಜಿ. ನನ್ನ ಬರ್ತ್‌ಡೇ ಬಿಟ್ಟು ನಿಮ್ಮ ಕಣಕ್ಕೆ ಬರೋರು. ಅಷ್ಟು ಜನ ಇದ್ರಲ್ಲ ನೀವು, ಆ ಒಂದು ಕಣ ಉಳಿಸ್ಕೊಳ್ಳೋಕೆ ಆಗ್ಲಿಲ್ವಾ ನಿಮಗೆ?”

ಕೆಂಪಮ್ಮ ಅವಳನ್ನೇ ನೋಡಿದರು. ನಾನು ಮಧ್ಯೆ ಬಾಯಿ ಹಾಕಿ ಸಮಾಧಾನ ಹೇಳಬೇಕಿತ್ತು. ಏನೆಂದು ಹೇಳಲಿ? ಹುಡುಗಿ ಕೇಳಿದ್ದರಲ್ಲಿ ತಪ್ಪೇನಿತ್ತು?

ಇಬ್ರಾಹಿಂ ಭಾಯ್ ಮಗಳಿಗೆ ನೀರು ತರಲು ಹೇಳಿದರು. ಅವಳು ಕದಲಲಿಲ್ಲ. ತಾವೇ ಎದ್ದು ಹೋಗಿ ಒಂದು ಚೊಂಬು ನೀರು ತಂದು ಕೆಂಪಮ್ಮನ ಮುಂದೆ ಇಟ್ಟರು. ಕೆಂಪಮ್ಮ ಎರಡು ಗುಟುಕು ಕುಡಿದರು. ವೈರಿನ ಬುಟ್ಟಿಯಲ್ಲಿ ಅವರೆಕಾಯಿ ತಂದಿದ್ದರು. ಅದನ್ನು ತೆಗೆದುಕೊಡಬೇಕೋ ಬೇಡವೋ ತಿಳಿಯದೆ ಕೈ ಬುಟ್ಟಿಯ ಮೇಲಿಟ್ಟುಕೊಂಡು ಕೂತರು. ಕೊನೆಗೆ ಹಾಗೇ ಎತ್ತಿಕೊಂಡು ಎದ್ದರು.

ಬಾಗಿಲ ತನಕ ಬಂದ ಇಬ್ರಾಹಿಂ ಭಾಯ್, ನಾನು ಯಾರ ಮೇಲೂ ಕಂಪ್ಲೇಂಟ್ ಕೊಡುವುದಿಲ್ಲ ಎಂದರು. ಆಮೇಲೆ, “ಆದ್ರೆ ಪರವಾಗಿಲ್ಲ ಅಂತ ಹೇಳೋಕೆ ನನ್ನ ಕೈಲಿ ಆಗಲ್ಲ ಅಮ್ಮ. ಅದೊಂದು ಕೇಳಬೇಡಿ” ಎಂದರು.

“ಕೇಳಕ್ಕೆ ಬಂದಿಲ್ಲ ಸಾಬ್ರೇ” ಎಂದರು ಕೆಂಪಮ್ಮ. “ಯಾರ್ ರಾಗಿ ಅಂತ ನಿಮ್ಗೆ ಗೊತ್ತಿರ್ಲಿ ಅಂತ ಬಂದೆ.”

ನಾನು ಇಲ್ಲಿಗೆ ಮುಗಿಯಿತು ಎಂದುಕೊಂಡೆ. ರಸ್ತೆಗೆ ಬಂದ ಮೇಲೆ ಕೆಂಪಮ್ಮ ಸಿ.ಎಸ್. ಪುರದ ಪೊಲೀಸ್ ಠಾಣೆಗೂ ಹೋಗಬೇಕೆಂದರು. ಬೇಡ, ಅವರೇ ಕಂಪ್ಲೇಂಟ್ ಕೊಡುವುದಿಲ್ಲ ಎಂದರಲ್ಲ ಎಂದೆ. ಕೇಳಲಿಲ್ಲ. ಇಷ್ಟು ವಯಸ್ಸಾದವರನ್ನು ಒಬ್ಬರೇ ಕಳಿಸುವುದು ಹೇಗೆ? ಹೊರಟೆ. ಗುಬ್ಬಿ ದಾಟಿದ ಮೇಲೆ ಅವರು ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಹೋದರು.

ಠಾಣೆಯಲ್ಲಿದ್ದ ಅಧಿಕಾರಿ ಒಳ್ಳೆಯ ಮನುಷ್ಯ. ಕೂರಿಸಿದರು, ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ. ಅವರೂ ರೈತರ ಮನೆಯವರಂತೆ.

“ಅಜ್ಜಿ, ನಿಮ್ಮೊಬ್ರ ಹೆಸರು ಬರ್ಕೊಂಡ್ರೆ ಇಡೀ ತಾಲ್ಲೂಕನ್ನೇ ಬರ್ಕೋಬೇಕಾಗ್ತದೆ. ಮನೆಗೋಗಿ” ಎಂದರು.

ಕೆಂಪಮ್ಮ ಅಲ್ಲೇ ನಿಂತಿದ್ದರು. ನಾನು ಕೈ ಹಿಡಿದು ಹೊರಗೆ ಕರೆತಂದೆ. ಶಿಕ್ಷೆಯಿಂದ ಪಾರಾದವರ ಮುಖ ಆಗಿರಲಿಲ್ಲ ಅದು. ತಪ್ಪು ಎತ್ತಿಕೊಂಡು ಊರೂರು ಅಲೆದರೂ ಇಳಿಸಿಕೊಳ್ಳುವವರು ಒಬ್ಬರೂ ಸಿಗದ ಮುಖ.

ಒಬ್ಬರು ಮಾಡಿದರೆ ಅಪರಾಧ. ಎಲ್ಲರೂ ಮಾಡಿದರೆ? ರೂಢಿ ಎನ್ನುತ್ತೇವೆ, ಅನಿವಾರ್ಯ ಎನ್ನುತ್ತೇವೆ, ಅಡ್ಜಸ್ಟ್ ಮಾಡಿಕೊಳ್ಳಿ ಎನ್ನುತ್ತೇವೆ. ಸತ್ತವಳು ಮಾತ್ರ ಒಬ್ಬಳೇ ಸತ್ತಿರುತ್ತಾಳೆ.

ಊರಿನ ಸ್ಟಾಪಿನಲ್ಲಿ ಶಿವಣ್ಣ ಕಾಯುತ್ತಿದ್ದ. ಬೆಳಿಗ್ಗೆಯಿಂದ ಅಮ್ಮನನ್ನು ಹುಡುಕಿ ಸುಸ್ತಾಗಿದ್ದ. ಎಲ್ಲಿಗೆ ಹೋಗಿದ್ದರೆಂದು ತಿಳಿದಾಗ ಅವನ ಮುಖ ಇಳಿಯಿತು. ಬೈಯಲಿಲ್ಲ. ಅಮ್ಮನನ್ನು ಮುಂದೆ ಬಿಟ್ಟು, ನನ್ನ ಪಕ್ಕ ನಡೆಯುತ್ತಾ, “ನಾವೂ ಅತ್ತಿದೀವಿ ಮೇಡಂ. ನನ್ ಚಿಕ್ ಮಗಳು ಇವತ್ತಿಗೂ ಸ್ಕೂಲ್ ಕಡೆ ತಿರುಗಿ ನೋಡಲ್ಲ. ಆದ್ರೆ ಬರೋ ವರ್ಷ ರಾಗಿ ಎಲ್ಲಿ ಹಾಕನ, ನೀವೇ ಹೇಳಿ” ಎಂದ.

ಅವನು ಸುಳ್ಳು ಹೇಳಿದ್ದಕ್ಕೆ ನನಗೆ ಸಿಟ್ಟಿತ್ತು. ನಾವು ನಡೆಯುತ್ತಿದ್ದ ರಸ್ತೆಯ ಅರ್ಧ ಭಾಗದಲ್ಲಿ ಯಾರೋ ಹುರುಳಿ ಹರಡಿದ್ದರು. ಪಕ್ಕ ದಿಬ್ಬದ ಮೇಲೆ ಸಮುದಾಯ ಭವನ, ಬೀಗ ಹಾಕಿತ್ತು. ಮದುವೆ ಎಷ್ಟು ನಡೆದವು ಎಂದು ಕೇಳಿದೆ. ಎಲ್ಲರೂ ಗುಬ್ಬಿಯ ಛತ್ರದಲ್ಲೇ ಮಾಡುತ್ತಾರಂತೆ, ಇಲ್ಲಿ ಪಾರ್ಕಿಂಗ್ ಸಾಲದಂತೆ. ಕೆಂಪಮ್ಮನ ಮೊಮ್ಮಗಳ ಮದುವೆಯೂ ಅಲ್ಲೇ ಆಯಿತಂತೆ. ಕಿಟಕಿಯಲ್ಲಿ ಇಣುಕಿದರೆ ಒಳಗೆ ಗೊಬ್ಬರದ ಚೀಲಗಳು.

ವಾಪಸ್ ಬಂದ ಮೇಲೆ ಎರಡು ದಿನ ಏನೂ ಬರೆಯಲಾಗಲಿಲ್ಲ. ಬುಧವಾರ ಮಿಲ್ಲಿಗೆ ಹಾಕಿಸಲು ಅಂಗಡಿಯಿಂದ ತಂದ ರಾಗಿಯನ್ನು ಮೊರಕ್ಕೆ ಸುರಿದುಕೊಂಡು ಹಸನು ಮಾಡಲು ಕೂತೆ. ಕಲ್ಲು ಆರಿಸುತ್ತಿದ್ದಾಗ ಬೆರಳಿಗೆ ಒಂದು ಕರಿಯ ಚೂರು ಸಿಕ್ಕಿತು. ಕಾಳೇ ಇರಬೇಕೆಂದು ಒತ್ತಿದೆ. ಮೆತ್ತಗೆ ಚಪ್ಪಟೆಯಾಗಿ ಬೆರಳಿಗೆ ಅಂಟಿಕೊಂಡಿತು.

ಡಾಂಬರು.

ನಿಮ್ಮ ಮನೆಯ ಮೊರದಲ್ಲಿ ಇನ್ನೂ ಸಿಕ್ಕಿಲ್ಲವೇ?